ಬಲಗೈಯ ಪಾಟ್ಲಿ

ಕಾಂತೇಶನ ಮನೆಯಲ್ಲಿ ಹೆಂಗಸರ ಬಂಗಾರ ನಿಲ್ಲುತ್ತಿರಲಿಲ್ಲ. ಕಳ್ಳರು ಒಯ್ದರೆಂದಲ್ಲ, ಗಂಡಸರು ಕುಡಿದು ಕಳೆದರೆಂದೂ ಅಲ್ಲ. ಹಾಗೇನಾದರೂ ಆಗಿದ್ದರೆ ಊರೆಲ್ಲ ಅಯ್ಯೋ ಪಾಪ ಅಂದು ಸುಮ್ಮನಾಗುತ್ತಿತ್ತು, ಅವನ ಹೊಟ್ಟೆಯೂ ಇಷ್ಟು ಉರಿಯುತ್ತಿರಲಿಲ್ಲ. ಈ ಮನೆಯ ಬಂಗಾರ ಹೋಗುತ್ತಿದ್ದುದು ಹೈದರಾಬಾದಿಗೆ, ಕೀಲುಬೇನೆಯ ಸಂಶೋಧನೆಗೆ, ಅದೂ ತಾವಾಗಿಯೇ ಕೈಮುಗಿದು ಕೊಟ್ಟು. ಊರು ಭಲೆ ಭಲೆ ಅನ್ನುತ್ತಿತ್ತು. ಆ ಭಲೆ ಕೇಳಿದಾಗೆಲ್ಲ ಕಾಂತೇಶನಿಗೆ ಯಾರೋ ತನ್ನ ಜೇಬಿಗೆ ಕೈ ಹಾಕಿದಂತಾಗುತ್ತಿತ್ತು.

ಶುರು ಮಾಡಿದವಳು ಮುತ್ತಜ್ಜಿ ಮೌನಮ್ಮ. ಅವಳ ಕೈಯ ಗೆಣ್ಣುಗಳು ಬಾತು, ಮಣಿಕಟ್ಟು ಉಬ್ಬಿ, ಮುಂಗೈಯ ಪಾಟ್ಲಿ ಮಾಂಸದೊಳಗೆ ಹೂತುಹೋಗತೊಡಗಿತು. ಪಾಟ್ಲಿ ಅಂದರೆ ನಮ್ಮ ಕಡೆಯ ಹೆಂಗಸರು ಹಾಕುವ ಅಗಲವಾದ ಬಂಗಾರದ ಬಳೆ. ಗಂಡ ಅವಳನ್ನು ಯಾದಗಿರಿಯಲ್ಲಿ ರೈಲು ಹತ್ತಿಸಿ ಹೈದರಾಬಾದಿಗೆ ಕರೆದೊಯ್ದ. ಅಲ್ಲಿಯ ಕೀಲುಬೇನೆಯ ಸಂಶೋಧನಾ ಕೇಂದ್ರದ ಡಾಕ್ಟರು ಮೊದಲು ಅಕ್ಕಸಾಲಿಗನನ್ನು ಕರೆಸಿ ಪಾಟ್ಲಿ ತುಂಡು ಮಾಡಿಸಿದರು, ಆಮೇಲೆ ಕೈ ನೋಡಿದರು. "ಈ ಬ್ಯಾನಿ ಯಾಕ ಬರ್ತದ್ರಿ?" ಅಂತ ಮುದುಕಿ ಕೇಳಿದಳು. "ಇನ್ನೂ ಯಾರಿಗೂ ಗೊತ್ತಾಗಿಲ್ಲವ್ವಾ" ಅಂದರು ಅವರು, ಪಾಪ, ಸುಳ್ಳು ಹೇಳಲಾರದ ಮನುಷ್ಯ. ಮೌನಮ್ಮ ಕತ್ತರಿಸಿದ ಪಾಟ್ಲಿಯ ಎರಡೂ ತುಂಡುಗಳನ್ನು ಮೇಜಿನ ಮೇಲೆ ಅವರತ್ತ ಸರಿಸಿದಳು. "ಹಂಗಾರ ಇದು ತಗೊಂಡು ಗೊತ್ತು ಮಾಡ್ಕೋರಿ. ನನ್ನ ಮೊಮ್ಮಕ್ಕಳಿಗಾದ್ರೂ ಹೇಳ್ರಿ."

ಅಲ್ಲಿಂದ ಅದು ಮನೆತನದ ಪದ್ಧತಿಯಾಯಿತು. ಕೈ ಬಾತು ಯಾವ ಬಂಗಾರ ಕಳಚಿ ಬರುವುದಿಲ್ಲವೋ ಅದನ್ನು ಕತ್ತರಿಸಬೇಕು, ಕತ್ತರಿಸಿದ್ದನ್ನು ಬೆಸೆಯಬಾರದು, ಅರಿಸಿನ ಬಟ್ಟೆಯಲ್ಲಿ ಕಟ್ಟಿ ಆ ಸಂಶೋಧನಾ ಕೇಂದ್ರಕ್ಕೆ ಕೊಡಬೇಕು. ಕತ್ತರಿಸಿದ ಬಂಗಾರ ಮನೆಯಲ್ಲಿಟ್ಟುಕೊಂಡರೆ ಬೇನೆಯನ್ನೂ ಇಟ್ಟುಕೊಂಡಂತೆ ಅಂತ ನಂಬಿಕೆ. ಮೌನಮ್ಮನ ಮನೆಯವರು ಹೆಣ್ಣನ್ನು ಸೋದರಿಕೆಯೊಳಗೇ ಕೊಟ್ಟು ತಂದು ಮಾಡಿದವರು. ಹೀಗಾಗಿ ಹೊಲ ಹೊರಗೆ ಹೋಗಲಿಲ್ಲ, ಬೇನೆಯೂ ಹೋಗಲಿಲ್ಲ. ಅಜ್ಜಿ ಕೊಟ್ಟಳು. ಕಾಂತೇಶನ ಅಪ್ಪ ಹಣಮಂತ್ರಾಯನ ಬೆರಳು ಬಾತಾಗ ಮದುವೆಯ ಉಂಗುರವೂ ಅದೇ ದಾರಿ ಹಿಡಿಯಿತು. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ಉಳಿದದ್ದು ಸೋದರತ್ತೆ ದೇವಕಮ್ಮನ ಜೋಡಿ ಪಾಟ್ಲಿ.

ದೇವಕಮ್ಮ ರಾಮಸಮುದ್ರದ ಸಾಲೆಯಲ್ಲಿ ಟೀಚರಾಗಿದ್ದವಳು. ಹರೆಯದಲ್ಲೇ ಬೆರಳು ಸೊಟ್ಟಗಾದದ್ದರಿಂದ ಬಂದ ವರಗಳು ಚಹಾ ಕುಡಿದು ಎದ್ದುಹೋದವು. ಅವಳು ಅತ್ತುಕೊಂಡು ಕೂಡಲಿಲ್ಲ. ತನ್ನ ಪಗಾರದಲ್ಲಿ ತಾನೇ ಪಾಟ್ಲಿ ಮಾಡಿಸಿಕೊಂಡಳು, ಒಳಗೆ ಅರಗು ತುಂಬಿದ ಪೊಳ್ಳು ಪಾಟ್ಲಿ ಅಲ್ಲ, ಗಟ್ಟಿ ಬಂಗಾರದ್ದು, ಮೇಲೆ ಗೋಧಿಕಾಳಿನ ಚಿತ್ತಾರ. ಕಾಂತೇಶನನ್ನು ಹೊಟ್ಟೆಯಲ್ಲಿ ಹೊರದಿದ್ದರೂ ಬೆಳೆಸಿದವಳು ಅವಳೇ. ಒಂದನೇ ತರಗತಿಯಲ್ಲಿ ಅವನು ಅವಳ ಮುಂದೆಯೇ ಕೂತಿದ್ದ. ಸಾಲೆಯಲ್ಲಿ ತಕ್ಕಡಿ ಇರಲಿಲ್ಲ. ಅತ್ತೆ ಕಣ್ಣು ಮುಚ್ಚಿ, ಎರಡೂ ಕೈ ಚಾಚಿ ತಾನೇ ತಕ್ಕಡಿಯಾಗುತ್ತಿದ್ದಳು. ಮಕ್ಕಳು ಒಂದು ಅಂಗೈಯಲ್ಲಿ ಡಸ್ಟರು, ಇನ್ನೊಂದರಲ್ಲಿ ಸೀಮೆಸುಣ್ಣದ ಡಬ್ಬಿ ಇಡುತ್ತಿದ್ದರು. ಅವಳು ಸೊಂಟ ಬಾಗಿಸಿ ಒಂದು ಕಡೆ ವಾಲಿದರೆ ಇಡೀ ತರಗತಿ ನಕ್ಕು ಉರುಳಾಡುತ್ತಿತ್ತು.

ದೊಡ್ಡವನಾದ ಮೇಲೆ ಕಾಂತೇಶ ಪಂಪ್‌ಸೆಟ್ ರಿಪೇರಿ ಕಲಿತ. ವಡಗೇರಾ ತಾಲೂಕಾದ ಮೇಲೆ ಅಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೇ ಅಂಗಡಿ ಹಾಕುವ ಆಸೆ ಹುಟ್ಟಿತು. ಪಾಟ್ಲಿ ಕೊಡು ಅಂತ ಅತ್ತೆಯ ಮುಂದೆ ಬಾಯಿ ಬಿಟ್ಟು ಕೇಳಿದ. ಅವಳು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚಲೋ ಇತ್ತು. "ಅವು ನನ್ನವಲ್ಲಪ್ಪಾ. ನಾ ಬರೇ ಹಾಕ್ಕೊಂಡೀನಿ. ನಾಳೆ ನಿನ್ನ ಮಗಳಿಗೆ ಈ ಬ್ಯಾನಿ ಬರಬಾರದಲ್ಲ, ಅದಕ್ಕ" ಅಂದಳು.

ಅವನಿಗಿನ್ನೂ ಮಗಳೇ ಹುಟ್ಟಿರಲಿಲ್ಲ. ಹುಟ್ಟದ ಮಗಳ ಬೇನೆಗೆ ಬಂಗಾರ ಇದೆ, ಹುಟ್ಟಿ ಬೆಳೆದು ಎದುರಿಗೆ ನಿಂತವನ ಅಂಗಡಿಗೆ ಇಲ್ಲ! ಕಾಂತೇಶ ಆ ಮಾತನ್ನು ನುಂಗಿಕೊಂಡ, ಆದರೆ ಅರಗಿಸಿಕೊಳ್ಳಲಿಲ್ಲ. ಕೇಳಿದರೂ ಕೊಡದಿದ್ದರೆ ತೆಗೆದುಕೊಳ್ಳುವುದೇ ಸೈ ಅಂದುಕೊಂಡ.

ಅವನು ಅವಸರದ ಆಸಾಮಿಯಲ್ಲ. ಮೋಟಾರು ಬಿಚ್ಚುವ ಮೊದಲು ಯಾವ ನಟ್ಟು ಎಲ್ಲಿಯದು ಅಂತ ನೋಡಿಟ್ಟುಕೊಳ್ಳುವವನು. ಅತ್ತೆಯ ಕೈಗಳನ್ನೂ ಹಾಗೇ ನೋಡಿದ. ಎಡಗೈಯ ಪಾಟ್ಲಿ ಆಗಲೇ ಸಿಕ್ಕಿಕೊಂಡಿತ್ತು, ಸೋಪು ಹಚ್ಚಿದರೂ ಗೆಣ್ಣು ದಾಟುತ್ತಿರಲಿಲ್ಲ. ಬಲಗೈಯದು ಇನ್ನೂ ಕಷ್ಟಪಟ್ಟರೆ ಬರುತ್ತಿತ್ತು. ಪದ್ಧತಿಯ ಪ್ರಕಾರ ಕತ್ತರಿಸುವುದು ಕಳಚಲಾರದ್ದನ್ನು ಮಾತ್ರ. ಅಂದರೆ ಇಂದಲ್ಲ ನಾಳೆ ಎಲ್ಲರೆದುರು ಎಡಗೈಯದು ತುಂಡಾಗುತ್ತದೆ, ಒಳಗಿಂದ ಪಳಪಳ ಬಂಗಾರ ಕಾಣುತ್ತದೆ. ಅದರ ಜೋಡಿಯ ಮೇಲೆ ಯಾವ ದೇವರಿಗೂ ಸಂಶಯ ಬರುವುದಿಲ್ಲ. ಬಲಗೈಗೆ ಹಾಕುವ ನಕಲಿ ಅವಳ ಕೈಯಲ್ಲೇ ಇರುತ್ತದೆ, ಅವಳು ಹೋದ ದಿನ ಕಳಚಿಕೊಳ್ಳುವವನು ತಾನೇ. ಕದ್ದದ್ದು ಯಾರಿಗೂ ಗೊತ್ತಾಗದಂತೆ ಕದಿಯುವವರು ಇದ್ದಾರೆ. ಕಳುವಾಗಿದೆ ಅನ್ನುವುದೇ ಯಾರಿಗೂ ಗೊತ್ತಾಗದಂತೆ ಕದಿಯುವುದು ತನ್ನಿಂದ ಮಾತ್ರ ಸಾಧ್ಯ ಅಂತ ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು.

"ಅತ್ತಿ, ಪಾಟ್ಲಿ ಮಾಸ್ಯಾವ. ಬಲಗೈದು ಬರ್ತದಲ್ಲ, ತೆಗಿ, ಮೆರುಗು ಹಾಕಿಸ್ಕೊಂಡು ಬರ್ತೀನಿ" ಅಂದ ಒಂದು ದಿನ. ಅವಳು ಸೋಪು ತರಿಸಿ, ಹಲ್ಲು ಕಚ್ಚಿ ಕೈ ಕೊಟ್ಟಳು. ಪಾಟ್ಲಿ ಗೆಣ್ಣು ದಾಟುವಾಗ ಅವಳ ಕಣ್ಣಂಚಿನಲ್ಲಿ ನೀರು ಬಂತು. ಕಾಂತೇಶ ಕಣ್ಣು ಬೇರೆ ಕಡೆ ಹೊರಳಿಸಿದ.

ಯಾದಗಿರಿಯ ಅಕ್ಕಸಾಲಿಗರೆಲ್ಲ ಟೀಚರನ್ನು ಬಲ್ಲವರು. ಅವನು ಸುರಪುರಕ್ಕೆ ಹೋದ. ಅಲ್ಲಿ ದೇವಿಂದ್ರ ಅನ್ನುವವನು ದೇವರ ಹಿತ್ತಾಳೆ ಮುಖಗಳಿಗೆ ಬಂಗಾರದ ನೀರು ಹಾಕುವುದರಲ್ಲಿ ಹೆಸರುವಾಸಿ. "ನಮ್ಮೂರ ದೇವಿ ಪಾಟ್ಲಿರಿ ಇದು. ಕಳ್ಳರ ಕಾಟ, ದಿನಾ ಹಾಕಾಕ ಇದರಂತದ್ದೇ ಹಿತ್ತಾಳಿದು ಬೇಕಾಗ್ಯದ" ಅಂದ. ದೇವಿಂದ್ರ ಇಂಥವನ್ನು ಎಷ್ಟೋ ಮಾಡಿದವನು, ಮರುಪ್ರಶ್ನೆ ಕೇಳಲಿಲ್ಲ. ಗೋಧಿಕಾಳಿನ ಚಿತ್ತಾರ, ಅಂಚಿನ ಸವಕಲು, ಹಿಂದೊಮ್ಮೆ ಸಾಲೆಯ ಗೇಟಿಗೆ ಬಡಿದು ಆದ ಸಣ್ಣ ತಗ್ಗು, ಎಲ್ಲದರ ಅಚ್ಚು ತೆಗೆದುಕೊಂಡ. ಅಳತೆ ಆದ ಕೂಡಲೇ ಕಾಂತೇಶ ಅಸಲಿಯನ್ನು ಶಹಾಪುರಕ್ಕೆ ಒಯ್ದು ಮಾರಿದ. ನಕಲಿ ಕೈಗೆ ಬಂದಾಗ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬೆವರಿಗೆ ಹಸಿರು ಕರೆ ಬಿದ್ದೀತೆಂದು ಒಳಬದಿಗೂ ದಪ್ಪಗೆ ನೀರು ಹಾಕಿಸಿದ. ಮನೆಗೆ ಬಂದವನೇ ನಕಲಿಯನ್ನು ಅತ್ತೆಯ ಬಲಗೈಗೆ ಏರಿಸಿ, ಎಡಗೈಯ ಪಾಟ್ಲಿಯನ್ನು ಕೈಯ ಮೇಲೇ ಅಂಟುವಾಳದ ನೊರೆಯಲ್ಲಿ ತಿಕ್ಕಿ ಬೆಳಗಿಸಿದ. ಎರಡರ ಹೊಳಪೂ ಒಂದಾಯಿತು. ಅವನ ಹೆಂಡತಿ ಭಾಗ್ಯಳಿಗೂ ಸುಳಿವು ಸಿಗಲಿಲ್ಲ.

ವಡಗೇರಾದ ಅಂಗಡಿಯ ಬಾಗಿಲು ತೆರೆಯಿತು. ಸಾಲ ಸಿಕ್ಕಿತು ಅಂತ ಮನೆಯಲ್ಲಿ ಹೇಳಿದ. ದೇವಕಮ್ಮ ತಾನೇ ಬಸ್ಸು ಹತ್ತಿ ಬಂದು, ಅಂಗಡಿಯ ಹೊಸ್ತಿಲಿಗೆ ಕುಂಕುಮ ಹಚ್ಚಿ ಹೋದಳು. ಹಚ್ಚಿದ್ದು ಬಲಗೈಯಿಂದಲೇ.

ಅದಾಗಿ ಕೆಲವು ದಿನಕ್ಕೆ ಅವನಿಗೆ ಮೊದಲ ಬಾರಿ ಭಯ ಹುಟ್ಟಿತು. ಅತ್ತೆ ಬೆಳಿಗ್ಗೆ ಬಲಗೈಯನ್ನು ನೀವಿಕೊಳ್ಳುತ್ತಾ ಕೂತಿದ್ದಳು. ಈ ಕೈಯೂ ಬಾತರೆ? ಇದನ್ನೂ ಕತ್ತರಿಸಬೇಕಾಗುತ್ತದೆ. ಕತ್ತರಿಸಿದರೆ ಒಳಗಿನ ಹಿತ್ತಾಳೆ ಹಲ್ಲು ಕಿಸಿಯುತ್ತದೆ. ಇಷ್ಟು ದೊಡ್ಡ ಮಾತು ತನ್ನ ತಲೆಗೆ ಮೊದಲೇ ಹೊಳೆದಿತ್ತು, ಆದರೆ ಆಗ ಅದು ಮುಂದೆಂದೋ ಆಗುವ ಮಾತಾಗಿತ್ತು. ಈಗ ಅದು ದಿನಾ ಅಡುಗೆಮನೆಯಲ್ಲಿ ಎದುರಿಗೆ ಕೂತು ಚಹಾ ಕುಡಿಯುತ್ತಿತ್ತು.

ಅಂದಿನಿಂದ ಕಾಂತೇಶ ಅತ್ತೆಯ ಬಲಗೈಯ ಆಳಾದ. ಎಳ್ಳೆಣ್ಣೆಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿ, ಬೆಳಗಾದರೆ ಬಲಗೈ ತಿಕ್ಕುತ್ತಿದ್ದ. ಪಾಟ್ಲಿಯನ್ನು ಮೇಲಕ್ಕೆ ಸರಿಸಿ ಮಣಿಕಟ್ಟು, ಕೆಳಕ್ಕೆ ಇಳಿಸಿ ಮುಂಗೈ. ಗುಳಿಗೆ ತಪ್ಪಿಸಲು ಬಿಡುತ್ತಿರಲಿಲ್ಲ. ಭಾರದ ಕೊಡ ಮುಟ್ಟಲು ಬಿಡುತ್ತಿರಲಿಲ್ಲ. ಎಡಗೈಯನ್ನೂ ತಿಕ್ಕು ಅಂತ ಭಾಗ್ಯ ಹೇಳಿದರೆ, ಲೋಕರೂಢಿಗೆ ಎರಡು ಸಲ ಸವರಿ ಮತ್ತೆ ಬಲಕ್ಕೆ ಬರುತ್ತಿದ್ದ. ಎಡಗೈ ಬಾತರೇ ಅವನಿಗೆ ಒಳ್ಳೆಯದಿತ್ತು.

"ಕಾಂತೇಶಾ, ನಿನ್ನ ಎಣ್ಣ್ಯಾಗ ಏನೋ ಅದ ನೋಡು. ಬಲಗೈ ಹಗುರಾಗ್ಯದ. ಮೊದಲ ಎತ್ತಾಕ ಬರ್ತಿದ್ದಿಲ್ಲ, ಈಗ ಜಡಿ ಹೆಣಕೊಳ್ಳಾಕತ್ತೀನಿ" ಅಂದಳು ಅತ್ತೆ. ಅವನಿಗೆ ಹೋದ ಜೀವ ಬಂದಂತಾಯಿತು. ನಿಜಕ್ಕೂ ಅವಳು ಮುಂಚಿನಂತೆ ಬಲಗೈಯನ್ನು ಎದೆಗವುಚಿಕೊಂಡು ನಡೆಯುವುದು ಬಿಟ್ಟಿದ್ದಳು. ಎಣ್ಣೆ ಕೆಲಸ ಮಾಡುತ್ತಿದೆ! ಅವನು ಎಣ್ಣೆಗೆ ಇನ್ನೊಂದಿಷ್ಟು ಅಜವಾನ ಸೇರಿಸಿದ.

ಸುದ್ದಿ ಓಣಿಯಲ್ಲಿ ಹಬ್ಬಿತು. ಪಕ್ಕದ ಮನೆಯ ಮದೀನಾಬೀ ಬಟ್ಟಲು ಹಿಡಿದು ಬಂದಳು. "ಟೀಚರ ಕೈಗೆ ಹಚ್ಚೂ ಎಣ್ಣಿ ನನ್ನ ಮೊಣಕಾಲಿಗೂ ಸ್ವಲ್ಪ ಕೊಡಪ್ಪಾ, ಭಾಳ್ ಸವಾಬ್, ಪುಣ್ಯ ಬರ್ತದ ನಿನಗ" ಅಂದಳು. ಕೊಟ್ಟ. ನಾಲ್ಕು ದಿನ ಬಿಟ್ಟು ಬಂದು "ಏನೂ ಫರಕ್ ಆಗಿಲ್ಲ ನೋಡು" ಅಂತ ಗೊಣಗಿದಳು. ಅವಳ ಮೊಣಕಾಲಿನದು ಬೇರೆ ಬೇನೆ ಇರಬೇಕು ಅಂದುಕೊಂಡ.

ಅಷ್ಟಕ್ಕೇ ಅವನ ಭಯ ನಿಲ್ಲಲಿಲ್ಲ. ಎಣ್ಣೆಯನ್ನೇ ನಂಬಿ ಎಷ್ಟು ದಿನ ಕೂಡುವುದು? ಹೈದರಾಬಾದಿನ ಆ ಕೇಂದ್ರದವರು ಹೊಸ ಔಷಧ ಹುಡುಕುತ್ತಿದ್ದಾರೆ ಅಂತ ಅತ್ತೆ ಹೇಳುತ್ತಿದ್ದಳು. ಬಾವು ಬಾರದಂತೆ ಮೊದಲೇ ತಡೆಯುವ ಔಷಧ. ಕಾಂತೇಶನಿಗೆ ಆ ಔಷಧ ಬೇಕಿತ್ತು, ಅದೂ ಲಗೂ. ಅಂಗಡಿಯ ಗಳಿಕೆಯಲ್ಲಿ ಒಂದು ಪಾಲನ್ನು ತಪ್ಪದೆ ಕೇಂದ್ರಕ್ಕೆ ಕಳಿಸತೊಡಗಿದ. ಕೇಂದ್ರದವರು ರಕ್ತ ಕೇಳಿದರೆ ರಕ್ತ ಕೊಟ್ಟ, ಅತ್ತೆಯನ್ನು ತಪಾಸಣೆಗೆ ರೈಲಿನಲ್ಲಿ ತಾನೇ ಕರೆದೊಯ್ದ. ಮೂರು ತಲೆಮಾರಿನಲ್ಲಿ ಅವನಷ್ಟು ಮನಸ್ಸಿಟ್ಟು, ಅವನಷ್ಟು ಆಸೆಯಿಂದ ಆ ಸಂಶೋಧನೆಗೆ ಕೊಟ್ಟವರು ಯಾರೂ ಇರಲಿಲ್ಲ. ಮೌನಮ್ಮ ಬದುಕಿದ್ದರೆ ಮರಿಮಗನ ನೆಟಿಗೆ ಮುರಿಯುತ್ತಿದ್ದಳು. ಕದ್ದದ್ದೆಲ್ಲ ಬಂದ ದಾರಿಯಲ್ಲೇ ಹೊರಟುಹೋಗುತ್ತಿತ್ತು. ಬೆಳಿಗ್ಗೆ ತಿಕ್ಕುವ ಕೆಲಸ ಮುಗಿಯುವವರೆಗೆ ವಡಗೇರಾದ ಅಂಗಡಿಯ ಬಾಗಿಲು ತೆರೆಯುತ್ತಿರಲಿಲ್ಲ, ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಿದ್ದ. ಇತ್ತೀಚೆಗೆ ಏಳುವಾಗ ಅವನ ಬೆರಳುಗಳೂ ಸೆಟೆದುಕೊಂಡಿರುತ್ತಿದ್ದವು. ತಿಕ್ಕಿ ತಿಕ್ಕಿ ದಣಿದಿವೆ ಅಂದುಕೊಂಡು ಸುಮ್ಮನಾದ.

ಕೇಂದ್ರದಲ್ಲಿ ಅತ್ತೆಯನ್ನು ನೋಡುತ್ತಿದ್ದ ಡಾಕ್ಟರ ಹೆಸರು ಗುಲಫಶಾ. ರಾಮಸಮುದ್ರದವಳೇ, ಟೀಚರ ಹಳೆಯ ವಿದ್ಯಾರ್ಥಿನಿ. ಬಲಗೈ ಹಗುರಾಗಿದೆ ಅನ್ನುವುದನ್ನು ಕೇಳಿ ಅವಳು ಹುಬ್ಬು ಗಂಟಿಕ್ಕಿದಳು.

"ಟೀಚರ್, ಈ ಬ್ಯಾನಿ ಎರಡೂ ಕೈಗೆ ಜೋಡೀಲೇ ಬರ್ತದ್ರಿ, ಕಮ್ಮಿ ಆದ್ರೂ ಜೋಡೀಲೇ ಆಗ್ತದ. ಒಂದೇ ಕೈ ಹಗುರಾಗಿದ್ದು ನಾ ನೋಡೇ ಇಲ್ಲ."

"ನನ್ನ ಸೊಸ್ಯಾನ ಕೈಗುಣ ಅದು" ಅಂದಳು ದೇವಕಮ್ಮ. ಅಣ್ಣನ ಮಗನನ್ನು ಅವಳು ಸೊಸ್ಯಾ ಅಂತಲೇ ಕರೆಯುವುದು. "ಬಲಗೈ ಜಾಸ್ತಿ ತಿಕ್ಕತಾನ."

ಗುಲಫಶಾ ಕಾಂತೇಶನ ಕಡೆ ನೋಡಿದ ನೋಟದಲ್ಲಿ ಎಷ್ಟು ಗೌರವವಿತ್ತೆಂದರೆ ಅವನು ತಲೆ ತಗ್ಗಿಸಿ ಅತ್ತೆಯ ಚೀಟಿಗಳನ್ನು ಜೋಡಿಸತೊಡಗಿದ. "ಆ ಎಣ್ಣಿ ನನಗ ಬೇಕ್ರಿ. ಊರಿಗೆ ಬಂದಾಗ ಟೀಚರ ಕೈನೂ ಸಮಾ ನೋಡ್ತೀನಿ" ಅಂದಳು. ಬೇಡ ಅನ್ನುವಂತಿರಲಿಲ್ಲ. ಹೂಂ ಅಂದ.

ಈ ನಡುವೆ ಎಡಗೈಯ ಮಣಿಕಟ್ಟು ಇನ್ನಷ್ಟು ಬಾತಿತು. ಪಾಟ್ಲಿಯ ಅಂಚು ಚರ್ಮಕ್ಕೆ ಕೊರೆಯತೊಡಗಿತು. ಕತ್ತರಿಸುವುದೆಂದು ನಿಶ್ಚಯವಾಯಿತು, ಗುಲಫಶಾ ಬರುವ ಭಾನುವಾರವೇ ಆಗಲಿ ಅಂತ ಮಾತಾಯಿತು. ಅಷ್ಟರಲ್ಲಿ ಅತ್ತೆ ಒಂದು ಹೊಸ ಹುಳ ಬಿಟ್ಟಳು. "ಬಲಗೈದೂ ಕೊಟ್ಟುಬಿಡ್ತೀನಿ. ಗುಣಾಗಿದ್ದ ಕೈದು ಕೊಟ್ರ ಇನ್ನೂ ಚಲೋ ಅಲ್ಲೇನು?"

ಇಂಥ ಹೊತ್ತಿನಲ್ಲೇ ಕಾಂತೇಶನ ತಲೆ ಓಡುವುದು. "ಬ್ಯಾಡತ್ತಿ. ಮುತ್ತಜ್ಜಿ ಹಾಕಿದ ಪದ್ಧತಿ, ಕಳಚಾಕ ಬರಲಾರದ್ದು ಮಾತ್ರ ಕೊಡಬೇಕು. ಬರೋದನ್ನ ಕೊಟ್ರ ಬ್ಯಾನಿ ಕರದಂಗ ಆಗ್ತದ. ಇದು ಇರಲಿ, ನಿನ್ನ ಕೈ ಬೋಳು ನಾ ನೋಡಲಾರೆ." ಕೊನೆಯ ಮಾತು ಮಾತ್ರ ಮನಸ್ಸಿನಿಂದಲೇ ಬಂದಿತ್ತು. ಅತ್ತೆ ಅವನ ತಲೆ ಸವರಿದಳು. ಸವರಿದ್ದು ಆ ಕೈಯಿಂದಲೇ, ಹಿತ್ತಾಳೆ ಅವನ ಕಿವಿಗೆ ತಣ್ಣಗೆ ತಾಗಿತು. ಅಂದು ಅವನಿಗೆ ಒಂದು ಗಳಿಗೆ ಎಲ್ಲ ಹೇಳಿಬಿಡಬೇಕೆನ್ನಿಸಿದ್ದು ಸುಳ್ಳಲ್ಲ. ಆಮೇಲೆ ಇಷ್ಟು ದೂರ ಬಂದಾಗಿದೆ, ಇನ್ನು ಒಂದೇ ಭಾನುವಾರ ದಾಟಿದರೆ ಸಾಕು ಅನ್ನಿಸಿತು.

ಭಾನುವಾರ ಪಡಸಾಲೆ ತುಂಬಿತ್ತು. ಭಾಗ್ಯ ಹೋಳಿಗೆ ಮಾಡಿದ್ದಳು, ಮದೀನಾಬೀ ಮೊಣಕಾಲು ಹಿಡಿದುಕೊಂಡೇ ಬಂದು ಕುರ್ಚಿ ಹಿಡಿದಿದ್ದಳು. ಅಕ್ಕಸಾಲಿಗ ಪಾಟ್ಲಿಗೂ ಚರ್ಮಕ್ಕೂ ನಡುವೆ ಬಟ್ಟೆಯ ಪಟ್ಟಿ ತೂರಿಸಿ, ಸಣ್ಣ ಗರಗಸದಿಂದ ಎರಡು ಕಡೆ ಕೊಯ್ದ. ತುಂಡುಗಳು ಅರಿಸಿನ ಬಟ್ಟೆಯ ಮೇಲೆ ಬಿದ್ದವು. ಕೊಯ್ದ ಜಾಗದಲ್ಲಿ ಹಳದಿ ಬಂಗಾರ ಕಣ್ಣು ಕುಕ್ಕುವಂತೆ ಹೊಳೆಯಿತು. ಕಾಂತೇಶ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ. ಆಯಿತು, ತಾನು ಗೆದ್ದೆ. ಇಷ್ಟು ದಿನ ಎದೆಯ ಮೇಲೆ ಕೂತದ್ದು ಎದ್ದುಹೋದಂತಾಗಿ ಅವನಿಗೆ ಸುಮ್ಮಸುಮ್ಮನೆ ನಗು ಬಂತು.

"ಯವ್ವಾ, ಎಡಗೈನೂ ಹಗುರಾತು ನೋಡ್ರಿ! ಥೇಟ್ ಬಲಗೈ ಆದಂಗ ಆತು" ಅಂದಳು ದೇವಕಮ್ಮ, ಬೋಳಾದ ಕೈಯನ್ನು ಆಚೀಚೆ ಬೀಸುತ್ತ.

ಎಲ್ಲರೂ ನಕ್ಕರು. ಗುಲಫಶಾ ಮಾತ್ರ ಆ ಕೈಯನ್ನೇ ನೋಡುತ್ತಿದ್ದಳು. "ಬಲಗೈದು ಸ್ವಲ್ಪ ತೆಗೀರಿ ಕಾಂತೇಶಣ್ಣ, ಮಣಿಕಟ್ಟು ನೋಡ್ತೀನಿ" ಅಂದಳು. ಕಾಂತೇಶ ಧೈರ್ಯವಾಗಿಯೇ ಎಣ್ಣೆ ಹಚ್ಚಿ ನೋವಾಗದಂತೆ ಕಳಚಿ ಕೊಟ್ಟ. ಬಣ್ಣಕ್ಕೆ ಹೆದರಿಕೆಯಿರಲಿಲ್ಲ, ಚಿತ್ತಾರಕ್ಕೂ ಇರಲಿಲ್ಲ. ಅವಳು ಎರಡೂ ಮಣಿಕಟ್ಟು ಒತ್ತಿ, ಬೆರಳು ಮಡಚಿ ನೋಡಿದಳು. "ಬಾವು ಎರಡೂ ಕಡೆ ಅದಲ್ರಿ ಟೀಚರ್. ಮತ್ತ ಹಗುರ ಹೆಂಗಾತು?" ಅಂದು, ಆಮೇಲೆ ತಾನೇ ನಕ್ಕಳು. "ಸಾಲ್ಯಾಗ ತಕ್ಕಡಿ ಆಟ ಆಡಸ್ತಿದ್ರಲ್ಲ, ಆಡೂಣೇನು? ಯಾವ ಕೈಯಾಗ ಎಷ್ಟು ಬಲ ಅದ ತಿಳೀತದ."

ದೇವಕಮ್ಮ ಸಣ್ಣ ಹುಡುಗಿಯಂತೆ ಹಿಗ್ಗಿ ಕಣ್ಣು ಮುಚ್ಚಿ ಎರಡೂ ಕೈ ಚಾಚಿದಳು. ಗುಲಫಶಾ ಎಡ ಅಂಗೈಯಲ್ಲಿ ಕತ್ತರಿಸಿದ ತುಂಡುಗಳನ್ನೂ ಬಲ ಅಂಗೈಯಲ್ಲಿ ಇಡೀ ಪಾಟ್ಲಿಯನ್ನೂ ಇಟ್ಟಳು. ಎಡಗೈ ಕೆಳಗಿಳಿಯಿತು. "ಎಡಗೈ ಸೋತದ" ಅಂದಳು ಮದೀನಾಬೀ. ದೇವಕಮ್ಮ ಕಣ್ಣು ತೆರೆದು, ತುಂಡುಗಳನ್ನು ಬಲಗೈಗೂ ಇಡೀ ಪಾಟ್ಲಿಯನ್ನು ಎಡಗೈಗೂ ಬದಲಿಸಿ ಮತ್ತೆ ಕಣ್ಣು ಮುಚ್ಚಿದಳು. ಈ ಸಲ ಬಲಗೈ ಇಳಿಯಿತು. ಬಣ್ಣ, ಚಿತ್ತಾರ, ಸವಕಲು, ತಗ್ಗು, ಬೆವರಿನ ಕರೆ, ಎಲ್ಲ ನೋಡಿದ್ದ ಕಾಂತೇಶ ಹಿತ್ತಾಳೆಗೆ ಬಂಗಾರದ ಭಾರವಿಲ್ಲ ಅನ್ನುವುದೊಂದನ್ನು ಮರೆತಿದ್ದ. ಅಸಲಿ ಒಂದು ಕೈಯಲ್ಲಿ, ನಕಲಿ ಇನ್ನೊಂದರಲ್ಲಿ ಇಟ್ಟು ತಕ್ಕಡಿಯನ್ನು ತಾನೇ ಮನೆಯೊಳಗೆ ಓಡಾಡಲು ಬಿಟ್ಟಿದ್ದ, ಅದು ದಿನಾ ಹಗುರು ಹಗುರು ಅಂತ ಹೇಳುತ್ತಲೇ ಇತ್ತು. ಅವನು ಮುಷ್ಟಿ ಬಿಗಿಯಲು ನೋಡಿದ, ಬಾತ ಬೆರಳು ಮಡಚಲಿಲ್ಲ. ಪಡಸಾಲೆಯಲ್ಲಿ ಯಾರೂ ನಗುತ್ತಿರಲಿಲ್ಲ. ದೇವಕಮ್ಮ ಕಣ್ಣು ತೆರೆದು ಅವನನ್ನೇ ನೋಡಿದಳು. ಆ ಕಣ್ಣುಗಳು ತುಂಬಿದ್ದವು, ದನಿ ಮಾತ್ರ ಒಂದನೇ ತರಗತಿಯದೇ ಆಗಿತ್ತು. "ನೀ ಹೇಳು ಕಾಂತೇಶಾ, ಯಾವ್ದು ಭಾರ ಅದ?"